ದೆಹಲಿಯನ್ನು ಹಿಂದಿರುಗಿಸುವ ಪರವಾಗಿ

ತೊಂಬತ್ತರ ದಶಕದ ನಡುವಿನ ಮಾತು. ಬಾಳೂರಿನ ಕಾಫಿ ಎಸ್ಟೇಟಿನಿಂದ ಬಸ್ಸು ಹಿಡಿದು ಮೂಡಿಗೆರೆಗೆ ಪಿಯುಸಿ ಓದಲು ಹೋಗುತ್ತಿದ್ದೆ. ಚಿಕ್ಕಮಗಳೂರಿನ ಚರ್ಚಾಸ್ಪರ್ಧೆಗೆ ಕಾಲೇಜಿನವರು ನನ್ನ ಹೆಸರು ಕೊಟ್ಟರು. ಸಂಸತ್ತು, ಸರ್ಕಾರಿ ಕಚೇರಿಗಳಿರುವಷ್ಟು ಜಾಗ ಕೇಂದ್ರಕ್ಕಿರಲಿ, ರಾಜಧಾನಿಗೆಂದು ಹಿಂದೆ ತೆಗೆದುಕೊಂಡ ದೆಹಲಿಯ ಉಳಿದ ನೆಲವನ್ನು ಪಕ್ಕದ ರಾಜ್ಯಕ್ಕೆ ಹಿಂದಿರುಗಿಸಬೇಕೆ ಎಂಬುದು ವಿಷಯ. ಚೀಟಿ ಎತ್ತಿದಾಗ ನನಗೆ 'ಪರ' ಬಂತು.

ಮೇಷ್ಟ್ರು ಬರೆದುಕೊಟ್ಟ ಭಾಷಣವನ್ನು ಕೂಲಿಯಾಳುಗಳ ಲೈನಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಬಾಯಿಪಾಠ ಮಾಡುತ್ತಿದ್ದೆ. ಅದೇ ವಾರ ಸುದ್ದಿ ಹಬ್ಬಿತು: ನಮ್ಮ ಎಸ್ಟೇಟಿನ ಸಾಹುಕಾರರು ಹಳ್ಳದ ಕೆಳಗಿನ ತೋಟವನ್ನು ಪಕ್ಕದ ಎಸ್ಟೇಟಿನವರಿಗೆ ಬಿಟ್ಟುಕೊಡುತ್ತಾರಂತೆ, ಹಿಂದೆ ಅದು ಅವರದೇ ಆಗಿತ್ತಂತೆ. ನಮ್ಮ ಲೈನು ಇದ್ದದ್ದು ಹಳ್ಳದ ಕೆಳಗೇ.

ಅವ್ವ ಕಾಫಿ ಹಣ್ಣು ಕುಯ್ಯುವವಳು. "ಆಚೆಯೋರು ನಮ್ಮನ್ನ ಇಟ್ಕೊಳ್ತಾರೋ, ಅವರದೇ ಆಳು ತರ್ತಾರೋ?" ಎಂದು ಮೇಸ್ತ್ರಿಯನ್ನು ಕೇಳಿದಳು. ಅವರಿಗೂ ಗೊತ್ತಿರಲಿಲ್ಲ. ಮನೆ ಹೋದರೆ ನನ್ನ ಓದೂ ಹೋದಂತೆಯೇ. 'ನೆಲ ಮೂಲ ರಾಜ್ಯಕ್ಕೆ ಸೇರುವುದೇ ನ್ಯಾಯ' ಎಂದು ನಾನು ಉರು ಹೊಡೆಯುವಾಗಲೆಲ್ಲ ಅವ್ವ ತಿರುಗಿ ನೋಡುತ್ತಿದ್ದಳು.

"ಅಲ್ಲಿರೋ ಜನಾನ ಯಾರಾದ್ರೂ ಕೇಳಿದಾರೇನೇ?" ಅಂದಳು ಒಂದು ಸಂಜೆ.

ಭಾಷಣದಲ್ಲಿ ಅದು ಇರಲಿಲ್ಲ.

ಸ್ಪರ್ಧೆಯ ದಿನ ವೇದಿಕೆ ಹತ್ತಿದೆ. ಅರ್ಧದಲ್ಲೇ ಮೇಷ್ಟ್ರ ಮಾತುಗಳು ಮರೆತುಹೋದವು. ಸಭೆ ಗುಸುಗುಸು ಅನ್ನತೊಡಗಿತು. ಏನೋ ಹೇಳಲೇಬೇಕಿತ್ತು. "ಹಿಂದಿರುಗಿಸಲಿ," ಎಂದೆ, "ಆದರೆ ಅಲ್ಲಿ ಮನೆ ಮಾಡಿಕೊಂಡಿರುವವರನ್ನು ಮೊದಲು ಕೇಳಲಿ. ಅವರು ಬೇಡ ಅಂದರೆ ಬೇಡ."

"ನೀನು ಪರವೋ ವಿರೋಧವೋ, ತಾಯಿ?" ಎಂದರು ತೀರ್ಪುಗಾರರೊಬ್ಬರು. ಎಲ್ಲರೂ ನಕ್ಕರು. ಬಹುಮಾನ ಬರಲಿಲ್ಲ. ಮೂಡಿಗೆರೆಗೆ ಮರಳುವ ಬಸ್ಸಿನಲ್ಲಿ ಮೇಷ್ಟ್ರು ನನ್ನಿಂದ ದೂರದ ಸೀಟಿನಲ್ಲಿ ಕೂತರು.

ನಡೆದದ್ದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ನಗಲಿಲ್ಲ. ಮರುದಿನ ಬೆಳಿಗ್ಗೆ ಲೈನಿನ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಸಾಹುಕಾರರ ಬಂಗಲೆಗೆ ಹೊರಟಳು. ಹೆದರುತ್ತಲೇ ನಾನೂ ಹಿಂದೆ ಹೋದೆ.

"ಅಯ್ಯಾ, ತೋಟ ಕೊಡೋದು ನಿಮ್ಮಿಷ್ಟ. ನಾವೆಲ್ಲಿಗೆ ಹೋಗ್ಬೇಕು ಅಂತ ಹೇಳಿ," ಎಂದಳು ಅವ್ವ.

ಸಾಹುಕಾರರು ಓದುತ್ತಿದ್ದ ಪೇಪರು ಮಡಚಿಟ್ಟರು. "ಅದನ್ನ ನಾನು ಯೋಚನೇನೇ ಮಾಡಿರ್ಲಿಲ್ಲ ಮಾರಾಯ್ತಿ," ಎಂದರು.

ತೋಟ ಕೈ ಬದಲಾಯಿತು. ಲೈನಿನವರನ್ನು ಒಕ್ಕಲೆಬ್ಬಿಸಬಾರದೆಂದು ನಮ್ಮ ಸಾಹುಕಾರರು ಕರಾರುಪತ್ರದಲ್ಲಿ ಬರೆಸಿದರು. ಆ ಮನೆಯಿಂದಲೇ ನಾನು ಪಿಯುಸಿ ಮುಗಿಸಿದೆ. ಆದರೂ ಹೊಸ ಸಾಹುಕಾರರ ಜೀಪು ಇಳಿದು ಬರುವ ಸದ್ದಾದರೆ ಸಾಕು, ಅವ್ವ ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.