ಕೆರೆ ಏರಿಯ ವಾಕಿಂಗ್ ದಾರಿ

ಹೊಲಿಗೆ ಮಿಷನ್ ಮುಂದೆ ಕೂತೂ ಕೂತೂ ನನಗೆ ಶುಗರ್ ಬಂತು. ದಿನಾ ನಡೀಬೇಕು, ಇಲ್ಲಾಂದ್ರೆ ಕಾಲು ಉಳಿಯಲ್ಲ ಅಂತ ಚಳ್ಳಕೆರೆ ಡಾಕ್ಟ್ರು ಹೆದರಿಸಿ ಕಳಿಸಿದರು. ಪಾಪ, ರಾಂಪುರದ ಆಚೆಗಿನ ನಮ್ಮೂರಲ್ಲಿ ಹೆಂಗಸು ಸುಮ್ಸುಮ್ನೆ ನಡೆಯೋ ಹಂಗಿಲ್ಲ ಅಂತ ಅವರಿಗೇನು ಗೊತ್ತು? ಹೊಲಕ್ಕೋ ನೀರಿಗೋ ಹೋಗಬಹುದು, ಗಂಡನ್ನ ಹುಡುಕ್ಕೊಂಡೂ ಹೋಗಬಹುದು. ವಾಕಿಂಗ್ ಅಂದ್ರೆ, "ಅದು ಸರಿ, ಎಲ್ಲಿಗೆ?" ಅಂತಾರೆ. ಪಕ್ಕದ ಮನೆ ಅಜ್ಜಿಯಂತೂ ತೆಲುಗಲ್ಲಿ "ಎಕ್ಕಡಿಕಮ್ಮಾ?", ಎಲ್ಲಿಗಮ್ಮಾ ಅಂತ ಕೇಳಿ, ನಾನು ಗಂಡನ ಜತೆ ಜಗಳ ಆಡ್ಕೊಂಡು ಹೊರಟೀನಿ ಅಂತ ತಾನೇ ತೀರ್ಮಾನ ಮಾಡಿ, ಸಮಾಧಾನವನ್ನೂ ಹೇಳಿದಳು. ಇನ್ನು ಬಳ್ಳಾರಿ ರಸ್ತೇಲಿ ನಡೆದರೆ ಲಾರಿಗಳು ಶುಗರ್‌ಗಿಂತ ಬೇಗ ಕೆಲಸ ಮುಗಿಸ್ತಾವೆ.

ಊರು ಬೆಳೀತಾ ಐತೆ, ಕೆರೆ ಏರಿ ಮೇಲೆ ನಡೆಯೋಕೆ, ಸೈಕಲ್ ತುಳಿಯೋಕೆ ದಾರಿ ಮಾಡ್ತೀವಿ ಅಂತ ಪಂಚಾಯ್ತಿಯವರು ಸಭೆ ಕರೆದಾಗ ನಾನು ಕುಣಿಯೋದೊಂದು ಬಾಕಿ. ಮಹಿಳಾ ಸಂಘದ ಪರವಾಗಿ ನನ್ನನ್ನೂ ಕೂರಿಸಿದರು, ಕೊನೇ ಕುರ್ಚೀಲಿ. ನಾನು ಕೇಳಿದ್ದು ಒಂದೇ. ದಾರಿ ಶಾಲೆ ಹಿಂದಿನಿಂದ ಶುರುವಾಗಲಿ. ಬಸ್ ಸ್ಟ್ಯಾಂಡ್ ಕಟ್ಟೆ ಮುಂದೆ ಹಾದು ಹೋಗಬೇಕು ಅಂದ್ರೆ ಒಬ್ಬ ಹೆಂಗಸೂ ಬರಲ್ಲ.

ಸಭೆಗೆ ಸಭೆಯೇ ನೊಂದುಕೊಂಡಿತು. "ಕಟ್ಟೆ ಮೇಲೆ ಕೂರೋರು ಯಾರಮ್ಮ, ನಿಮ್ಮ ಅಣ್ತಮ್ಮಂದಿರೇ ಅಲ್ವಾ?" ಅಂದರು ಹಿರಿಯ ಮೆಂಬರ್ರು. ಅಣ್ತಮ್ಮಂದಿರು ಅಂತಲೇ ಒಬ್ಬೊಬ್ಬರೂ ಎಲ್ಲಿಗೆ ಅಂತ ವಿಚಾರಿಸ್ತಾರೆ ಅಣ್ಣಾ, ಅಂದೆ. ಯಾರಿಗೂ ಕೇಳಿಸಲಿಲ್ಲ. ಶಾಲೆ ಹಿಂದೆ ಹಾಕಿದರೆ ಮೆಂಬರ್‌ಗಳ ಹೆಸರಿನ ಬೋರ್ಡು ಯಾರಿಗೆ ಕಾಣುತ್ತೆ ಅನ್ನೋ ಘನವಾದ ಪ್ರಶ್ನೆ ಎದ್ದಿತ್ತು.

ದಾರಿ ಬಸ್ ಸ್ಟ್ಯಾಂಡಿಂದಲೇ ಆಯ್ತು. ಏನ್ ಚೆಂದ ಅಂತೀರಿ! ಸೈಕಲ್ ದಾರೀಲಿ ಬೈಕ್ ನಿಂತವೆ, ನಡೆಯೋ ದಾರೀಲಿ ಗಂಡಸರು ಕೂತವ್ರೆ. ನಾನು ಹಲ್ಲು ಕಚ್ಕೊಂಡು ದಿನಾ ಹಾದು ಹೋಗ್ತೀನಿ, ಒಬ್ಬಳೇ. ಕಟ್ಟೆಯ ಈ ತುದಿಯಿಂದ ಆ ತುದಿವರೆಗೂ "ಎಲ್ಲಿಗಕ್ಕಾ?" ಅಂತ ಕೇಳ್ತಾರೆ. ಮೈಯೆಲ್ಲಾ ಉರಿಯುತ್ತೆ.

ಹೋದ ವಾರ ಆ ಮೆಂಬರ್ರೇ ಮನೆಗೆ ಬಂದರು. ದನಿ ತಗ್ಗಿಸಿ, "ನಮ್ಮನೆಯಾಕೆಗೂ ಶುಗರ್ ಬಂದೈತಮ್ಮ, ಕಾಲು ಜೋಮು ಹಿಡೀತಾವೆ. ನಿನ್ನ ಜತೆ ವಾಕಿಂಗ್ ಕರ್ಕೊಂಡ್ ಹೋಗ್ತೀಯಾ?" ಅಂದರು.

ಸುಳ್ಳು ಯಾಕೆ, ಜತೆಗೊಬ್ಬಳು ಸಿಕ್ಕಳಲ್ಲ ಅಂತ ನನಗೆ ಖುಷಿಯೇ ಆಯ್ತು. "ನಾಳೆಯಿಂದ್ಲೇ ಬಸ್ ಸ್ಟ್ಯಾಂಡ್ ಹತ್ರ ಕಳಿಸಿ ಅಣ್ಣಾ" ಅಂದೆ.

"ಅಯ್ಯೋ, ಕಟ್ಟೆ ಮುಂದೆ ಬ್ಯಾಡಮ್ಮ, ಅಲ್ಲಿ ಎಂಥೆಂಥೋರೋ ಕೂತಿರ್ತಾರೆ. ಶಾಲೆ ಹಿಂದಿಂದ ಹೋಗೋಕಾಗಲ್ವಾ?"

"ಅಲ್ಲಿ ಬರೀ ಜಾಲಿಮುಳ್ಳು ಅಣ್ಣಾ" ಅಂದೆ. "ಶುಗರ್ ಇರೋರ ಕಾಲಿಗೆ ಮುಳ್ಳು ಚುಚ್ಚಿದ್ರೆ ಮಾಯಲ್ಲ."