ಊದದೇ ಹೋದ ಹದಿನಾಲ್ಕು ಜನ

ಮೊನ್ನೆ ಹಳೇ ಬ್ಯಾಗ್ ಒಗೆಯೋಣ ಅಂತ ಕೊಡವಿದ್ರೆ ಒಂದು ರಟ್ಟಿನ ಕೊಳವೆ ಬಿತ್ತು. ಬೆರಳುದ್ದ, ಬಿಳೀದು, ಮೇಲೆ ಕೆಂಪು ಮಣ್ಣಿನ ಕೈ ಗುರುತು. ಮೂಗಿಗೆ ಹಿಡಿದೆ. ಇಟ್ಟಿಗೆ ಗೂಡಿನ ಹೊಗೆ ವಾಸನೆ ಇನ್ನೂ ಇತ್ತು...

ಡಾಕ್ಟ್ರಕ್ಕನ ಕೊಳವೆ ಅದು. ಮಾಲೂರಲ್ಲಿ ನಮ್ಮ ಪಕ್ಕದ ಮನೇಲಿದ್ರು. ದಿನಾ ರೈಲಲ್ಲಿ ಹೋಗಿ ಒಂದು ಮೆಡಿಕಲ್ ಕಾಲೇಜಲ್ಲಿ ಪಾಠ ಮಾಡೋರು. ಸ್ಟೂಡೆಂಟ್ಸು ರೈಲಲ್ಲೂ ಬಿಡ್ತಿರ್ಲಿಲ್ಲ, ನಿಂತ್ಕೊಂಡೇ ಡೌಟ್ ಕೇಳೋರು. ಆದ್ರೆ ಪ್ರಮೋಷನ್‌ಗೆ ಅದ್ಯಾವುದೂ ಲೆಕ್ಕಕ್ಕಿಲ್ಲ. ಪೇಪರ್ ಬೇಕು. ಅಂದ್ರೆ ಸಂಶೋಧನೆ ಮಾಡಿ ಜರ್ನಲ್‌ನಲ್ಲಿ ಹಾಕಿಸ್ಬೇಕು, ಮೊದಲ ಹೆಸರು ಇವರದ್ದೇ ಇರ್ಬೇಕು. ಅಕ್ಕಂಗೆ ಒಂದೇ ಒಂದು ಪೇಪರ್ ಕಮ್ಮಿ. ಇವರ ಹತ್ರ ಕಲಿತೋನೇ ಇವರ ಮೇಲಿನ ಸೀಟಿಗೆ ಬಂದು ಕೂತಿದ್ದ.

ಇಟ್ಟಿಗೆ ಗೂಡಿನವರ ಉಸಿರಾಟದ ಮೇಲೆ ಮಾಡ್ತೀನಿ ಅಂತ ಹೊರಟ್ರು. ಭಾನುವಾರ ನಾನೂ ಜೊತೆಗೆ. ನಾನು ನರಸಾಪುರದ ಫ್ಯಾಕ್ಟರೀಲಿ ಶಿಫ್ಟ್ ಮಾಡೋಳು, ಓದಿದ್ದು ಪಿಯುಸಿ. ಆದ್ರೆ ಎಕ್ಸೆಲ್ ಮಾತ್ರ ಯೂಟ್ಯೂಬ್ ನೋಡಿ ನೋಡಿ ಅರೆದು ಕುಡಿದಿದ್ದೆ! ಅಕ್ಕ ಉಸಿರಿನ ಜೋರು ಅಳೆಯೋ ಮೀಟರ್‌ಗೆ ಒಬ್ಬೊಬ್ರಿಗೂ ಹೊಸ ಕೊಳವೆ ಸಿಕ್ಕಿಸಿ ಕೊಡೋರು, ಅವರು ಜೋರಾಗಿ ಊದೋರು, ಮುಳ್ಳು ಎಲ್ಲಿಗೆ ಹೋಯ್ತೋ ಅದನ್ನ ನಾನು ಬರ್ಕೊಳ್ಳೋಳು. ಕೆಲವರು ಊದಿ, ಕೆಮ್ಮಿ, ಅಲ್ಲೇ ಕೂತ್ಬಿಡೋರು...

ಮಳೆ ಬಿದ್ರೆ ಗೂಡು ನಿಲ್ಲುತ್ತೆ, ಜನ ಊರಿಗೆ ಹೋಗ್ತಾರೆ. ಆ ವರ್ಷ ಮಳೆ ಬೇಗ ಬಂತು. ಹೆಸರು, ವಯಸ್ಸು ಬರೆಸಿದ್ದ ಹದಿನಾಲ್ಕು ಜನ ಊದೋಕೆ ಮುಂಚೇನೇ ಹೊರಟೋದ್ರು. ಅವರು ವಾಪಸ್ ಬರೋವರೆಗೂ ಕಾದ್ರೆ ಪ್ರಮೋಷನ್ ಇಂಟರ್ವ್ಯೂ ಮುಗಿದೇ ಹೋಗಿರುತ್ತೆ.

"ಅಕ್ಕಾ, ನಾನು ತುಂಬ್ಬಿಡ್ಲಾ? ಎಕ್ಸೆಲ್ಲಲ್ಲಿ ಮೇಲಿನ ನಂಬರ್ ಹಿಡ್ಕೊಂಡು ಕೆಳಗೆ ಎಳೆದ್ರೆ ಸಾಕು, ಖಾಲಿ ಮನೆಗಳೆಲ್ಲ ತುಂಬುತ್ತೆ."

"ಹುಚ್ಚಿ ಕಣೇ ನೀನು. ಊದದೇ ಇರೋರ ಉಸಿರು ಎಲ್ಲಿಂದ ತರ್ತೀಯೇ?" ಅಂತ ನಕ್ಕರು.

ವಾರ ಆದ್ಮೇಲೆ ಅವರೇ ಬಂದ್ರು. ಬಾಗಿಲಲ್ಲೇ ನಿಂತು, "ಅದೇನೋ ಎಳೀತೀನಿ ಅಂದಿದ್ಯಲ್ಲ..." ಅಂದ್ರು. ಈ ಸಲ ನಗ್ಲಿಲ್ಲ.

ನಾನು ಖುಷಿಯಾಗೇ ಎಳೆದೆ. ಒಳ್ಳೊಳ್ಳೇ ನಂಬರ್, ಅನುಮಾನ ಬರ್ಬಾರ್ದು ಅಂತ ಅಲ್ಲಲ್ಲಿ ಸ್ವಲ್ಪ ಏರಿಸಿ ಇಳಿಸಿ. ಹದಿನಾಲ್ಕೂ ಜನ ಗಟ್ಟಿಮುಟ್ಟಾಗಿಬಿಟ್ರು. ಅವರಿಂದಾಗಿ ಪೇಪರ್ ಕೊನೇಲಿ 'ಗೂಡಿನವರ ಉಸಿರಿಗೆ ಅಂಥಾ ತೊಂದರೆ ಏನಿಲ್ಲ' ಅಂತ ಬಂತು. ಪ್ರಮೋಷನ್ನೂ ಬಂತು. ಗೂಡಿನ ಯಜಮಾನರು ಪರ್ಮಿಷನ್ ಕೊಟ್ಟಿದ್ರಲ್ಲ, ಅವರಿಗೂ ಒಂದು ಕಾಪಿ ಕಳಿಸಿದ್ರು.

ಮಳೆ ಮುಗೀತು, ಗೂಡು ಮತ್ತೆ ಹತ್ತಿತು. ಹೊಗೆ ನಮ್ಮ ಬೀದಿ ಕಡೆ ತಿರುಗಿದ್ರೆ ಸಾಕು, ಅಕ್ಕ ಕಿಟಕಿ ಮುಚ್ಚೋರು. ಒಂದಿನ ನಾನು ಅಕ್ಕನ ಮನೇಲಿದ್ದಾಗ ತೆಲುಗಿನ ಹೆಂಗಸೊಬ್ಬಳು ಬಾಗಿಲಿಗೆ ಬಂದ್ಲು. ಎರಡು ಮಾತಿಗೇ ಏದುಸಿರು. ಹುಷಾರಿಲ್ಲ, ರಜ ಕೊಡಿ ಅಂದ್ರೆ ಮೇಸ್ತ್ರಿ ಪೇಪರ್ ತೋರಿಸ್ತಾನಂತೆ. ಡಾಕ್ಟ್ರೇ ಊದಿಸಿ ನೋಡಿ ಬರ್ದಿದಾರೆ, ನಿಮಗೇನೂ ಇಲ್ಲ, ನಡೀರಿ ಅಂತಾನಂತೆ.

"ನೇನು ಊದನೇ ಲೇದು ಕದಮ್ಮಾ," ಅಂದ್ಲು. ನಾನು ಊದೇ ಇಲ್ವಲ್ಲಮ್ಮಾ, ಅಂತ.

ಅಕ್ಕ ಒಳಗಿಂದ ಮೀಟರ್ ತಂದು ಊದಿಸಿದ್ರು. ಮುಳ್ಳು ಬುಡ ಬಿಟ್ಟು ಏಳ್ಲೇ ಇಲ್ಲ. ನನ್ನ ಕಡೆ ಒಂದ್ಸಲ ನೋಡಿದ್ರು, ಅಷ್ಟೇ... ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಮೇಜಿನ ಮೇಲಿದ್ದ ಕೊಳವೇನ ಯಾಕೋ ನಾನು ಬ್ಯಾಗಿಗೆ ಹಾಕ್ಕೊಂಡೆ.

ಆ ಹೆಂಗಸು ಆಸ್ಪತ್ರೆಯಿಂದ ವಾಪಸ್ ಬರ್ಲಿಲ್ಲ.

ಅಕ್ಕ ಪೇಪರ್ ವಾಪಸ್ ತಗೊಳ್ಳಿ ಅಂತ ಜರ್ನಲ್‌ಗೆ ಕಾಗದ ಬರೆದ್ರು. ನಾನೇ ಟೈಪ್ ಮಾಡ್ದೆ. "ನನ್ನ ಹೆಸರೂ ಹಾಕ್ಲಾ ಅಕ್ಕಾ?" ಅಂದೆ. "ಮೊದಲ ಹೆಸರು ನಂದು ಕಣೇ," ಅಂದ್ರು. ಸುಳ್ಳು ನಂಬರ್ ತುಂಬಿದ್ದೂ ತಾನೇ ಅಂತ ನನ್ನ ಕೈಲೇ ಬರೆಸಿದ್ರು. ಪ್ರಮೋಷನ್ ಹೋಯ್ತು, ಆಮೇಲೆ ಕೆಲಸಾನೂ. ಒಂದು ಬೆಳಗ್ಗೆ ನಾನು ಶಿಫ್ಟ್ ಮುಗಿಸಿ ಬರೋ ಹೊತ್ತಿಗೆ ಮನೆ ಖಾಲಿ. ಫೋನ್ ಇವತ್ತಿಗೂ ಹತ್ತಲ್ಲ...

ಹೋದ ವಾರ ಯಾರೋ ಒಬ್ಬ ಡಾಕ್ಟ್ರು ನನ್ನ ನಂಬರ್ ಹುಡುಕಿ ಮೆಸೇಜ್ ಮಾಡಿದ್ರು. ಪೇಪರ್‌ಗೆ ಡೇಟಾ ಸ್ವಲ್ಪ ಕಮ್ಮಿ ಇದೆ, ನೀವು ಎಕ್ಸೆಲ್ ಚೆನ್ನಾಗಿ ಮಾಡ್ತೀರಂತೆ, ಅಂತ. ಆಗಲ್ಲ ಸರ್, ಅಂದೆ. 'ಪರವಾಗಿಲ್ಲ, ಬೇರೆಯವರು ಇದಾರೆ' ಅಂತ ತಕ್ಷಣ ಬಂತು.

ಕೊಳವೆ ಎಸೆಯೋಕೆ ಆಗ್ಲಿಲ್ಲ. ಹದಿನಾಲ್ಕು ಜನರಲ್ಲಿ ಕೊನೆಗೂ ಊದಿದ್ದು ಅವಳೊಬ್ಬಳೇ. ಉಳಿದ ಹದಿಮೂರು ಜನ ಯಾವ ಗೂಡಲ್ಲಿದ್ದಾರೋ... ನನ್ನ ಎಕ್ಸೆಲ್ಲಲ್ಲಿ ಮಾತ್ರ ಇನ್ನೂ ನಾನು ಕೊಟ್ಟ ಉಸಿರಲ್ಲೇ ಇದಾರೆ.