ಲಕ್ಕಿ ಸೊಪ್ಪಿನ ನೀರು

ನಮ್ಮ ಬಚ್ಚಲ ಹಂಡೆಯಲ್ಲಿ ಯಾರೋ ಲಕ್ಕಿ ಸೊಪ್ಪು ಕುದಿಸುತ್ತಿದ್ದ ವಾಸನೆ ಬಂತು. ಕೊಟ್ಟಿಗೆಹಾರದ ಬಾಡಿಗೆ ಮನೆಯಲ್ಲಿ ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ತೊಂಬತ್ತರ ದಶಕದ ಮಾತು. ಹುಟ್ಟಿದ ಮಗು ಉಳಿಯದೆ, ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದಿದ್ದೆ. ನೋಡಲು ಬಂದವರೆಲ್ಲ ಜ್ವರದವಳನ್ನು ಮಾತಾಡಿಸುವ ಹಾಗೆ ಮಾತಾಡಿಸಿ ಹೋಗಿದ್ದರು. ಹೆರಿಗೆಯ ಮಾತು ಯಾರೂ ಎತ್ತಲಿಲ್ಲ.

ಪಕ್ಕದ ಮನೆಯ ಗಿರಿಜಕ್ಕ ಒಳಗೆ ಬಂದು ನನ್ನ ರಟ್ಟೆ ಹಿಡಿದರು. "ಏಳು ಮಾರಾಯ್ತಿ, ನೀರು ಕಾದಿದೆ."

"ಲಕ್ಕಿ ನೀರು ಬಾಣಂತಿಯರಿಗೆ ಅಲ್ವಾ ಅಕ್ಕ? ನನಗ್ಯಾಕೆ?" ಎಂದೆ.

"ನೀನು ಹೆತ್ತಿಲ್ವಾ? ಹೆತ್ತವಳು ಬಾಣಂತಿ ಅಲ್ದೆ ಮತ್ತೇನು!" ಎಂದು ಗದರಿದರು.

ಮೈಗೆಲ್ಲ ಎಣ್ಣೆ ತಿಕ್ಕಿ ಬಿಸಿಬಿಸಿ ನೀರು ಹೊಯ್ದರು. ಆಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಕವುಚಿ, ಅದರ ಮೇಲೆ ನನ್ನ ಒದ್ದೆ ಕೂದಲು ಹರಡಿದರು. ಆ ಹೊಗೆಯಲ್ಲಿ ನಾನು ಮೊದಲ ಸಲ ಗಟ್ಟಿಯಾಗಿ ಅತ್ತೆ. ಅಳಬೇಡ ಅಂತ ಅವರು ಹೇಳಲಿಲ್ಲ.

ನನ್ನ ಹೆರಿಗೆಯನ್ನು ಹೆರಿಗೆ ಅಂದವರು ಗಿರಿಜಕ್ಕ ಒಬ್ಬರೇ. ಅವರ ಋಣ ತೀರುವಂಥದ್ದಲ್ಲ. ಆಮೇಲೆ ನನಗೆ ಇಬ್ಬರು ಮಕ್ಕಳಾದರು. ಎಷ್ಟು ಮಕ್ಕಳು ಅಂತ ಯಾರಾದರೂ ಕೇಳಿದರೆ, ಮೂರು ಅಂತಲೇ ಹೇಳುತ್ತೇನೆ.